ನಾನ್‌ಸ್ಟಿಕ್ ಕಾವಲಿ, ಹೊಟ್ಟೆಯಲ್ಲಿರೋ ಕೂಸು

ಐದು ತಿಂಗಳ ಬಸುರಿ, ಲೇಪನ ಎದ್ದುಹೋದ ನಾನ್‌ಸ್ಟಿಕ್ ಕಾವಲಿಯಲ್ಲೇ ದೋಸೆ ಹುಯ್ದು ತಿಂದಿದ್ದೀನಿ, ಮಗುವಿನ ರೋಗನಿರೋಧಕ ಶಕ್ತಿ ಕುಗ್ಗುತ್ತಾ ಅಂತ ಕೇಳಿದ್ದೀರಿ. ಮೊದಲು ಗಾಬರಿ ಬಿಡಿ. ಉದುರಿದ ಚೂರು ಬಹುತೇಕ ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತೆ.

ಆತಂಕ ಇರೋದು ನಾನ್‌ಸ್ಟಿಕ್ ಲೇಪನದಂಥವುಗಳ ತಯಾರಿಕೆಗೆ ಬಳಸೋ, ಬೇಗ ನಾಶವಾಗದ ಪಿಎಫ್‌ಎಎಸ್ ಅನ್ನೋ ರಾಸಾಯನಿಕಗಳದ್ದು. ಇವು ಮಾಸು (ಪ್ಲಾಸೆಂಟಾ) ದಾಟಿ ಕೂಸಿನ ರಕ್ತ ಸೇರುತ್ತವೆ, ಎದೆಹಾಲಲ್ಲೂ ಬರುತ್ತವೆ. ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳ ಸುಮಾರು 600 ಮಕ್ಕಳ ಮೇಲಿನ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇವು ಹೆಚ್ಚಿದ್ದ ಮಕ್ಕಳಲ್ಲಿ ಧನುರ್ವಾಯು, ಡಿಫ್ತೀರಿಯಾ ಲಸಿಕೆಯಿಂದ ಬರೋ, ರೋಗದ ವಿರುದ್ಧ ಹೋರಾಡೋ ಪ್ರತಿಕಾಯಗಳು ಕಡಿಮೆ ಕಂಡವು. ಆದರೆ ಅಲ್ಲಿಯವರದು ಕಡಲ ಮೀನು, ತಿಮಿಂಗಿಲ ಮಾಂಸದ ಊಟ; ಈ ರಾಸಾಯನಿಕಗಳು ಅವರ ಮೈ ಸೇರೋದು ಹೆಚ್ಚಾಗಿ ಅದರಿಂದ. ನಿಮ್ಮ ದೋಸೆಗೆ ಆ ಲೆಕ್ಕ ಹೊಂದಲ್ಲ.

ಕಬ್ಬಿಣದ ಕಾವಲಿ ತಗೊಳ್ಳಿ. ಎಣ್ಣೆ ಸವರಿ ಪಳಗಿಸಿದರೆ ದೋಸೆ ತಾನಾಗೇ ಏಳುತ್ತೆ (ಮೊದಲ ನಾಲ್ಕು ಹರಿಯೋದು ಖಾತ್ರಿ!). ಹುಟ್ಟಿದ ಮೇಲೆ ಮಗುವಿನ ಲಸಿಕೆ ಮಾತ್ರ ಒಂದೂ ತಪ್ಪಿಸಬೇಡಿ.