ಕತೆ ಹೇಳುವವನ ಮಾತನ್ನು ಎಷ್ಟು ನಂಬಬೇಕು?

ಪ್ರಶ್ನೆ: ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವಳು ನಾನು. ನಿವೃತ್ತಿಯಾದ ಮೇಲೆ ಮತ್ತೆ ಓದು ಶುರು ಮಾಡಿದ್ದೇನೆ. ಈಗಿನವರು ಏನು ಬರೆಯುತ್ತಿದ್ದಾರೆ ನೋಡೋಣ ಅಂತ ವಿವೇಕ ಶಾನಭಾಗರ ಕಾದಂಬರಿ 'ಘಾಚರ್ ಘೋಚರ್' ಕೊಂಡು ತಂದೆ. ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಮುಗಿಯಿತೋ ಇಲ್ಲವೋ ಅನ್ನುವುದೇ ನನ್ನ ಪ್ರಶ್ನೆ! ಕೊನೆಯ ಪುಟ ತಿರುಗಿಸಿ ಇನ್ನೇನಾದರೂ ಇದೆಯಾ ಅಂತ ಹುಡುಕಿದೆ. ಕತೆ ಹೇಳುವವನ ಹೆಂಡತಿ ಅನಿತಾಗೆ ಏನಾಯಿತು ಅಂತ ಹೇಳದೆ ಬಿಡುವುದು ಓದುಗರಿಗೆ ಮಾಡಿದ ಮೋಸ ಅಲ್ವಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಮೊದಲ ಸಲ ಓದಿದಾಗ ನಾನೂ ಹಾಗೇ ಪುಟ ತಿರುಗಿಸಿದವನೇ, ಮೇಡಂ. ಸಿಟ್ಟೂ ಬಂದಿತ್ತು. ಆದರೆ ನೀವು ಲೆಕ್ಕ ಬರೆದವರು ಅಂದಿರಲ್ಲ, ನಿಮ್ಮ ಕೆಲಸದ ಮಾತಿನಲ್ಲೇ ಕೇಳುತ್ತೇನೆ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಏನು ಮಾಡುತ್ತಿದ್ದಿರಿ? ಮತ್ತೆ ಬೆಳಗಿನ ಮೊದಲ ವೋಚರ್‌ನಿಂದ ಒಂದೊಂದೇ ತೆಗೆದು ನೋಡುತ್ತಿದ್ದಿರಿ, ಅಲ್ವಾ? ಈ ಪುಸ್ತಕಕ್ಕೂ ಅದೇ ಮಾಡಬೇಕು. ಸಣ್ಣ ಪುಸ್ತಕ, ಇನ್ನೊಂದು ಮಧ್ಯಾಹ್ನ ಸಾಕು.

ಈ ಸಲ ಕತೆ ಹೇಳುವವನ ಮೇಲೆ ಒಂದು ಕಣ್ಣಿಡಿ. ಅವನಿಗೆ ಹೆಸರೇ ಇಲ್ಲ. ಕಾಫಿ ಹೌಸಿನಲ್ಲಿ ಕೂತು, ವಿನ್ಸೆಂಟ್ ಎಂಬ ವೇಟರ್ ಏನಾದರೂ ಅಂದರೆ ಅದೇ ವೇದವಾಕ್ಯ ಅಂದುಕೊಂಡು, ನಮಗೆ ತನ್ನ ಮನೆಯ ಕತೆ ಹೇಳುತ್ತಾನೆ. ಚಿಕ್ಕಪ್ಪನ 'ಸೋನಾ ಮಸಾಲಾ'ದಲ್ಲಿ ಇವನು ಡೈರೆಕ್ಟರ್. ಸಂಬಳ ಬರುತ್ತದೆ, ಕೆಲಸ ಇಲ್ಲ. ಎಷ್ಟು ಮೆಲ್ಲಗೆ, ಎಷ್ಟು ಸಭ್ಯವಾಗಿ ಮಾತಾಡುತ್ತಾನೆ ಅಂದರೆ ಪಾಪದವನು ಅನ್ನಿಸಿಬಿಡುತ್ತದೆ. ನಾವು ಮೋಸ ಹೋಗುವುದು ಇಲ್ಲೇ, ಕೊನೆಯ ಪುಟದಲ್ಲಲ್ಲ.

ಮಸೂರ್ ಬೇಳೆಯ ಸಾರಿನ ಪ್ರಸಂಗ ನೆನಪಿದೆಯಾ? ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಅವನಿಗೆ ಇಷ್ಟ ಅಂತ ಸಾರು ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಅಮ್ಮ, ಅಕ್ಕ ಮಾಲತಿ ಇಬ್ಬರೂ ಬಾಯಿಗೆ ಬಂದಂತೆ ಬೈದು ಅವಳನ್ನು ಅಟ್ಟುತ್ತಾರೆ. ನಮ್ಮ ಸಭ್ಯ ಏನು ಮಾಡಿದ? ಏನೂ ಇಲ್ಲ. ಇದು ತಪ್ಪು ಅಂತ ಆ ಮನೆಯಲ್ಲಿ ಬಾಯಿಬಿಟ್ಟು ಹೇಳುವವಳು ಅನಿತಾ ಒಬ್ಬಳೇ. ಹಿಂದಿನ ಬಾಡಿಗೆ ಮನೆಯಲ್ಲಿ ಇರುವೆ ಹೊಸಕುವ ಪುಟಗಳನ್ನೂ ಇದರ ಪಕ್ಕ ಇಟ್ಟು ಓದಿ. ಬಡತನದ ದಿನಗಳ ತಮಾಷೆಯ ನೆನಪು ಅಂತ ನಾನು ಮೊದಲ ಸಲ ನಗುತ್ತಲೇ ಓದಿದ್ದೆ. ಎರಡನೇ ಸಲ ನಗು ಬರಲಿಲ್ಲ.

ಹೆಸರನ್ನೇ ನೋಡಿ. 'ಘಾಚರ್ ಘೋಚರ್' ಯಾವ ನಿಘಂಟಿನಲ್ಲೂ ಇಲ್ಲ. ಬಿಡಿಸಲಾಗದ ಗಂಟಿಗೆ ಅನಿತಾ ಮತ್ತು ಅವಳ ತಮ್ಮ ಚಿಕ್ಕವರಿದ್ದಾಗ ಇಟ್ಟುಕೊಂಡ ಮಾತು. ಅಂದರೆ ಪುಸ್ತಕಕ್ಕೆ ಹೆಸರು ಸಿಕ್ಕಿದ್ದೂ ಅವಳಿಂದಲೇ, ಆದರೆ ಅವಳ ಬಾಯಿಂದ ಕತೆ ಕೇಳುವ ಭಾಗ್ಯ ನಮಗಿಲ್ಲ. ಅನಿತಾಗೆ ಏನಾಯಿತು ಅಂತ ಕತೆ ಹೇಳುವ ಇವನಿಗೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಧೈರ್ಯವೂ ಇಲ್ಲ. ಲೇಖಕರು ಅದನ್ನು ಬಾಯಿಬಿಟ್ಟು ಹೇಳಿದ್ದರೆ ಅದೊಂದು ಪತ್ತೇದಾರಿ ಕತೆಯಾಗಿ, ನೀವು ಮಧ್ಯಾಹ್ನದ ಕಾಫಿ ಕುಡಿದು ಮರೆತುಬಿಡುತ್ತಿದ್ದಿರಿ, ನನಗೆ ಈ ಪತ್ರವೂ ಬರುತ್ತಿರಲಿಲ್ಲ.

'ಘಾಚರ್ ಘೋಚರ್' ಬಂದದ್ದು 2013ರಲ್ಲಿ. ಶಾನಭಾಗರದೇ 'ಸಕೀನಾಳ ಮುತ್ತು' 2021ರದ್ದು. ಅಲ್ಲಿ ವೆಂಕಟ ಅನ್ನುವ ಗಂಡ, ವಿಜಿ ಅನ್ನುವ ಹೆಂಡತಿ, ರೇಖಾ ಅನ್ನುವ ಮಗಳು. ಮಗಳನ್ನು ಕೇಳಿಕೊಂಡು ಇಬ್ಬರು ಹುಡುಗರು ಬಾಗಿಲು ತಟ್ಟುತ್ತಾರೆ. ವ್ಯಕ್ತಿತ್ವ ವಿಕಸನದ ಪುಸ್ತಕ ಓದಿ ತಾನು ಬಹಳ ಒಳ್ಳೆಯ ಗಂಡ, ಒಳ್ಳೆಯ ಅಪ್ಪ ಅಂದುಕೊಂಡ ಈ ವೆಂಕಟನ ಲೆಕ್ಕವನ್ನೂ ಒಮ್ಮೆ ಆಡಿಟ್ ಮಾಡಿ ಬರೆಯಿರಿ. ನನಗಂತೂ ಅವನು ಮೊದಲಿನವನಿಗಿಂತ ಜಾಸ್ತಿ ಕಿರಿಕಿರಿ ಮಾಡಿದ. ಬಹುಶಃ ಅವನಲ್ಲಿ ನನ್ನದೇ ಕೆಲವು ಮಾತು ಕೇಳಿಸಿದವೋ ಏನೋ.

ಪ್ರಶ್ನೆ: ಹಂಪಿ ಪಕ್ಕದಲ್ಲೇ ಬೆಳೆದವನು ನಾನು. ವಸುಧೇಂದ್ರರ ಕಾದಂಬರಿ 'ತೇಜೋ ತುಂಗಭದ್ರಾ' ಮೂರು ವಾರ ಹಿಡಿದು ಓದಿದೆ. ಇದರಲ್ಲಿ ಎಷ್ಟು ಇತಿಹಾಸ, ಎಷ್ಟು ಕಟ್ಟುಕತೆ? ನಂಬಬಹುದಾ?
– ವಿದ್ಯಾರ್ಥಿ, ಹೊಸಪೇಟೆ

ಉತ್ತರ: ಚೌಕಟ್ಟು ನಿಜ, ಒಳಗಿನ ಜನ ಕಲ್ಪನೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು, 1506ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಯಹೂದಿ ಮೂಲದವರ ಕಗ್ಗೊಲೆ ನಡೆದದ್ದು, 1509ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದದ್ದು, ಇವೆಲ್ಲ ಇತಿಹಾಸ. ಗೇಬ್ರಿಯಲ್, ಬೆಲ್ಲಾ, ಹಂಪಮ್ಮ, ಕೇಶವ ಇವರೆಲ್ಲ ಲೇಖಕರ ಮಕ್ಕಳು. ರಾಜನಿಗಾಗಿ ತಲೆ ಕೊಡುವ ಲೆಂಕರ ವಿಷಯ ಓದಿ ಇದೆಲ್ಲ ಸುಮ್ನೆ ಕಟ್ಟಿದ್ದು ಅನ್ನಿಸಿತಾ? ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬವನ್ನು ನೋಡಿ. ಹೊಯ್ಸಳ ರಾಜ ಇಮ್ಮಡಿ ಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಕುವರ ಲಕ್ಷ್ಮ ಮತ್ತು ಅವನ ಜೊತೆಯವರ ನೆನಪಿಗೆ ನಿಲ್ಲಿಸಿದ್ದು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವವರನ್ನು ಅದರಲ್ಲಿ ಕೆತ್ತಿದ್ದಾರೆ.

ಇಲ್ಲಿ ಕತೆ ಹೇಳುವವನು ಕಾಫಿ ಹೌಸಿನವನಂತೆ ಏನನ್ನೂ ಮುಚ್ಚಿಡುವುದಿಲ್ಲ. ಲಿಸ್ಬನ್‌ಗೂ ಹೋಗುತ್ತಾನೆ, ತುಂಗಭದ್ರೆಯ ದಂಡೆಯ ತೆಂಬಕಪುರಕ್ಕೂ ಬರುತ್ತಾನೆ. ಆದರೆ ಅವನು ಪುಸ್ತಕ ಬಂದ 2019ರ ಮನುಷ್ಯ. ಧರ್ಮದ ಹೆಸರಿನಲ್ಲಿ ಸಾಯುವವರನ್ನೂ ಸಾಯಿಸುವವರನ್ನೂ ನೋಡುವ ಆ ಕಣ್ಣು ಇವತ್ತಿನದು. ನನಗೆ ಅದರಿಂದ ತೊಂದರೆಯಾಗಲಿಲ್ಲ. ಗೇಬ್ರಿಯಲ್ ತುಂಗಭದ್ರೆಯ ದಂಡೆಗೆ ಬಂದು ಸೇರುವ ದಾರಿಯಲ್ಲಿ ಕಾಕತಾಳೀಯ ಮಾತ್ರ ಸ್ವಲ್ಪ ಜಾಸ್ತಿಯಾಯಿತು. ಅದೇ ಪೋರ್ಚುಗೀಸರ ದೆಸೆಯಿಂದ ಗೋವಾ ಬಿಟ್ಟು ಬಂದ ಸಾರಸ್ವತ ಬ್ರಾಹ್ಮಣರ ಕಡೆಯಿಂದ ನೋಡಬೇಕಾದರೆ ಗೋಪಾಲಕೃಷ್ಣ ಪೈ ಅವರ 'ಸ್ವಪ್ನ ಸಾರಸ್ವತ' ಓದಿ. ಅದೂ ದಪ್ಪ ಪುಸ್ತಕವೇ, ಪರೀಕ್ಷೆ ಮುಗಿದ ಮೇಲೆ ಹಿಡಿಯಿರಿ.

ಪ್ರಶ್ನೆ: ಬಾನು ಮುಷ್ತಾಕ್ ಅವರಿಗೆ ಬೂಕರ್ ಬಂದ ಕಾದಂಬರಿ ಯಾವುದು? ಎರಡು ಅಂಗಡಿಯಲ್ಲಿ ಕೇಳಿದೆ, ಸಿಗಲಿಲ್ಲ.
– ಓದುಗರು, ತುಮಕೂರು

ಉತ್ತರ: ಸಿಗುವುದೂ ಇಲ್ಲ, ಯಾಕೆಂದರೆ ಅದು ಕಾದಂಬರಿಯೇ ಅಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ 'ಹಾರ್ಟ್ ಲ್ಯಾಂಪ್' ಹನ್ನೆರಡು ಸಣ್ಣಕತೆಗಳ ಪುಸ್ತಕ, ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಮೂಲ ಕತೆಗಳು ಕನ್ನಡದಲ್ಲೇ ಇವೆ. ಕಥಾಸಂಕಲನದ ಕಪಾಟು ಎಲ್ಲಿದೆ ಅಂತ ಕೇಳಿ, ಅಂಗಡಿಯವರೇ ತೆಗೆದುಕೊಡುತ್ತಾರೆ.