ಗಿರಾಕಿಯನ್ನು ಹಿಡಿದರೆ ದಂಧೆ ನಿಲ್ಲುತ್ತಾ?

ನೀವು ಕೇಳಿದ್ದು: ಸ್ವೀಡನ್‌ನಲ್ಲಿರುವ ಹಾಗೆ ಹೆಂಗಸನ್ನು ಬಿಟ್ಟು ಗಿರಾಕಿಗೆ ಶಿಕ್ಷೆ ಕೊಡುವ ಕಾನೂನು ನಮ್ಮಲ್ಲೂ ಬಂದರೆ ವೇಶ್ಯಾವಾಟಿಕೆ, ಹುಡುಗಿಯರ ಕಳ್ಳಸಾಗಣೆ ಕಡಿಮೆಯಾಗುತ್ತಾ? ನಾನು ಬೆಂಗಳೂರಿನ ಕೋರ್ಟುಗಳಲ್ಲಿ ಇಂಥ ಕೇಸು ನಡೆಸುವ ವಕೀಲೆ. ಸ್ವಲ್ಪ ಆಗುತ್ತೆ, ಆದರೆ ಅದರ ಬೆಲೆ ತೆರುವವರು ಬೇರೆಯವರು ಅನ್ನೋದು ನನ್ನ ಅಭಿಪ್ರಾಯ.

ಒಂದು ಸ್ಪಾ ಮೇಲಿನ ದಾಳಿಯಲ್ಲಿ ಸಿಕ್ಕಿಬಿದ್ದ ಗಿರಾಕಿಯೊಬ್ಬರು ನಮ್ಮ ಆಫೀಸಿಗೆ ಬಂದಿದ್ದರು. ಕಂಪನಿ ಐಡಿ ಕಾರ್ಡನ್ನು ಶರ್ಟಿನೊಳಗೆ ತೂರಿಸಿಕೊಂಡಿದ್ದರು, ಕಾಲರ್ ಪಕ್ಕ ನೀಲಿ ದಾರ ಮಾತ್ರ ಕಾಣುತ್ತಿತ್ತು. ಜೈಲು, ದಂಡ ಒಂದನ್ನೂ ಕೇಳಲಿಲ್ಲ. "ಮೇಡಂ, ಸಮನ್ಸ್ ಮನೆಗೇ ಬರುತ್ತಾ? ಆಫೀಸ್ ಅಡ್ರೆಸ್‌ಗೆ ಹಾಕಿಸ್ಬಹುದಾ?" ಅಂದರು. ಒಂದು ನಿಮಿಷ ಬಿಟ್ಟು, "ಬೇಡ, ಆಫೀಸಿಗೂ ಬೇಡ." ಸ್ವೀಡನ್ 1999ರಲ್ಲಿ ಕಾನೂನು ತಂದದ್ದು ಈ ಭಯವನ್ನೇ ನೆಚ್ಚಿಕೊಂಡು. ನಾರ್ವೆ, ಫ್ರಾನ್ಸ್, ಐರ್ಲೆಂಡ್ ಆಮೇಲೆ ಅದೇ ದಾರಿ ಹಿಡಿದವು. ಭಯ ಸುಳ್ಳಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ.

ನಮ್ಮಲ್ಲಿ ಇರುವುದು 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆ. ಅಡ್ಡೆ ನಡೆಸೋದು, ದಂಧೆಗೆ ಇಳಿಸೋದು, ಆ ದುಡ್ಡಲ್ಲಿ ಬದುಕೋದು ಅದರಲ್ಲಿ ಅಪರಾಧ. ಗಿರಾಕಿ ಕೈಗೆ ಸಿಗುವುದು ಮುಖ್ಯವಾಗಿ 7ನೇ ಕಲಮಿನಲ್ಲಿ, ಅಂದರೆ ದೇವಸ್ಥಾನ, ಶಾಲೆ, ಆಸ್ಪತ್ರೆಯಂಥ ಜಾಗದಿಂದ 200 ಮೀಟರ್ ಒಳಗಿದ್ದರೆ. (ಮೆಜೆಸ್ಟಿಕ್‌ನಲ್ಲಿ ಅಂಥದ್ದು ಯಾವುದೂ ಇಲ್ಲದ 200 ಮೀಟರ್ ಜಾಗ ತೋರಿಸಿ ನೋಡೋಣ!) ಉಳಿದಂತೆ ಬರೀ ಗಿರಾಕಿ ಅನ್ನೋ ಕಾರಣಕ್ಕೆ ಕೇಸು ನಿಲ್ಲಲ್ಲ ಅಂತ 2022ರಲ್ಲಿ ನಮ್ಮ ಹೈಕೋರ್ಟ್ ಒಂದು ಪ್ರಕರಣ ರದ್ದು ಮಾಡಿತು. 2025ರಲ್ಲಿ ಕೇರಳ ಹೈಕೋರ್ಟ್ ಇದಕ್ಕೆ ಉಲ್ಟಾ ಹೇಳಿದೆ. ಗಿರಾಕಿಯನ್ನೂ ಶಿಕ್ಷಿಸುವ ತಿದ್ದುಪಡಿ ಮಸೂದೆ 2006ರಲ್ಲೇ ಸಂಸತ್ತಿಗೆ ಬಂದಿತ್ತು, ಪಾಸಾಗದೆ ಹಾಗೇ ಬಿದ್ದುಹೋಯಿತು.

ಹಾಗಾದರೆ ಇನ್ನೊಂದು ಸಲ ತರೋಣ ಅಂತೀರಾ? ಮೆಜೆಸ್ಟಿಕ್‌ನಲ್ಲಿ ದುಡಿಯುವ ನನ್ನ ಕಕ್ಷಿದಾರಳೊಬ್ಬಳನ್ನ ಕೇಳಿದ್ದೆ. "ಪೊಲೀಸ್ರು ಅವನ ಹಿಂದೆ ಬಿದ್ರೆ ಅವನು ಬೆಳಕಲ್ಲಿ ನಿಂತು ಮಾತಾಡ್ತಾನಾ ಲಾಯರಮ್ಮ? ಬಾ ಬಾ ಅಂತ ಆಟೋ ಹತ್ತಿಸ್ಕೊಂಡು ಹೋಗ್ತಾನೆ. ಕುಡಿದವನಾ, ಹೊಡೆಯೋನಾ ಅಂತ ಮುಖ ನೋಡೋಕೆ ನಂಗೂ ಐದು ನಿಮಿಷ ಬೇಕಲ್ವಾ." ಬೆಂಗಳೂರಿನಲ್ಲಿ ಮುಂಬೈ ಕಾಮಾಟಿಪುರದ ಥರ ಈ ದಂಧೆಗೇ ಅಂತ ಒಂದು ಕೇರಿ ಇಲ್ಲ. ಬಸ್ ಸ್ಟ್ಯಾಂಡು, ಲಾಡ್ಜು, ಈಗೀಗ ಮೊಬೈಲು. ಇಂಥ ಊರಲ್ಲಿ ಆ ಐದು ನಿಮಿಷ ತುಂಬಾ ದೊಡ್ಡದು. ಇನ್ನು ಅವಳ ಬ್ಯಾಗಿನಲ್ಲಿದ್ದ ಕಾಂಡೋಮ್ ಮಹಜರಿನಲ್ಲಿ ಸಾಕ್ಷ್ಯ ಅಂತ ಸೇರಿತ್ತು. ಕಾಂಡೋಮ್ ಅಪರಾಧಕ್ಕೆ ಸಾಕ್ಷ್ಯ ಅಲ್ಲ ಅಂತ 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. ಆ ಆದೇಶದ ಪ್ರತಿ ಈಗ ನನ್ನ ಬ್ಯಾಗಿನಲ್ಲೇ ಇರುತ್ತೆ.

ಸಾಗಿಸಿ ತಂದ ಹುಡುಗಿಯರ ಮಾತು ಬೇರೆ. ಅಲ್ಲಿ ಗಿರಾಕಿಯ ಬಗ್ಗೆ ನನಗೆ ಎಳ್ಳಷ್ಟೂ ಕನಿಕರ ಇಲ್ಲ. ಅದಕ್ಕೆ ಹೊಸ ಕಾನೂನೂ ಬೇಕಿಲ್ಲ. ಸಾಗಿಸಿ ತಂದವಳು ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಬಳಸಿಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 144ನೇ ಕಲಮಿನಲ್ಲಿ 3ರಿಂದ 7 ವರ್ಷ ಜೈಲಿದೆ. ಮಗುವಾಗಿದ್ದರೆ 5ರಿಂದ 10 ವರ್ಷ. ಹಳೆಯ ಐಪಿಸಿಗೆ ಇಂಥದ್ದು 2013ರಲ್ಲೇ ಸೇರಿತ್ತು. 'ನಂಬಲು ಕಾರಣ' ಅಂದರೆ ಏನು? ಬಾಗಿಲಿಗೆ ಹೊರಗಿನಿಂದ ಚಿಲಕ. ದುಡ್ಡು ಎಣಿಸಿಕೊಳ್ಳೋನು ಇನ್ನೊಬ್ಬ. ಹುಡುಗಿಗೆ ತಾನು ಇರೋ ಏರಿಯಾದ ಹೆಸರೂ ಗೊತ್ತಿಲ್ಲ. ಒಳಗೆ ಹೋದವನಿಗೆ ಇದೆಲ್ಲ ಕಂಡೇ ಕಂಡಿರುತ್ತೆ.

ಆದರೆ ನಾನು ಓದಿದ ಚಾರ್ಜ್‌ಶೀಟುಗಳಲ್ಲಿ ಎ-1, ಅಂದರೆ ಮೊದಲ ಆರೋಪಿ, ಅಡ್ಡೆ ನಡೆಸುವವಳು; ಎ-2 ತಲೆಹಿಡುಕ. ಗಿರಾಕಿ ಒಂದೋ ಸಾಕ್ಷಿ ಪಟ್ಟಿಯಲ್ಲಿ, ಇಲ್ಲವೇ ಎಲ್ಲೂ ಇಲ್ಲ. ಒಬ್ಬ ಹುಡುಗಿಯ ಹೇಳಿಕೆ ನಾಲ್ಕು ಪುಟ ಇತ್ತು. ಯಾರು ಕರೆತಂದರು, ಯಾವ ರೈಲು, ಎಷ್ಟಕ್ಕೆ ಮಾರಿದರು, ಎಲ್ಲ ಕೇಳಿದ್ದರು. ಆ ರೂಮಿಗೆ ಬಂದವರು ಯಾರು ಅಂತ ಮಾತ್ರ ಯಾರೂ ಕೇಳಿರಲಿಲ್ಲ.