ಗೋಕರ್ಣದಲ್ಲಿ ನೆಲೆಸುವ ಕುರಿತು

ನಿವೃತ್ತಿಯ ನಂತರ ದಾವಣಗೆರೆಯ ಮನೆ ಮಾರಿ ಗೋಕರ್ಣದಲ್ಲಿ ನೆಲೆಸಬಹುದೇ ಎಂದು ತಾವು ಕೇಳಿದ್ದೀರಿ. ನಾನೂ ದಾವಣಗೆರೆಯವನೇ, ಕುಮಟಾದ ಬಳಿ ಕಡಲಂಚಿನ ಬಾಡಿಗೆ ಮನೆಯಲ್ಲಿ ಎರಡು ವರ್ಷ ಇದ್ದು ಬಂದವನು. ಡಿಸೆಂಬರಿನಲ್ಲಿ ಕಂಡ ಕಡಲನ್ನು ನಂಬಿ ತೀರ್ಮಾನಿಸಬೇಡಿ. ನಮ್ಮಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚಿನ ಮಳೆ ಅಲ್ಲಿ ಸಾಮಾನ್ಯವಾಗಿ ಜುಲೈ ಒಂದರಲ್ಲೇ ಸುರಿಯುತ್ತದೆ. ಒಣಹಾಕಿದ ಪಂಚೆ ನಾಲ್ಕು ದಿನ ಕಳೆದರೂ ಮುಗ್ಗಲು ವಾಸನೆ ಬಿಡುವುದಿಲ್ಲ, ಉಪ್ಪುಗಾಳಿಗೆ ಕಿಟಕಿಯ ಸರಳು, ಗೇಟಿನ ಬೀಗ, ಫ್ರಿಜ್ಜಿನ ಹಿಂಬದಿ ಎಲ್ಲವೂ ತುಕ್ಕು ಹಿಡಿಯುತ್ತವೆ, ನನ್ನ ಸ್ಕೂಟರಿನ ಸೈಲೆನ್ಸರಂತೂ ಎರಡನೇ ಮಳೆಗಾಲಕ್ಕೇ ತೂತಾಗಿತ್ತು. ದೊಡ್ಡ ಚಿಕಿತ್ಸೆ ಬೇಕಾದಾಗ ಅಲ್ಲಿಯ ಜನ ಮಣಿಪಾಲ, ಮಂಗಳೂರುಗಳ ದಾರಿ ಹಿಡಿಯುತ್ತಾರೆ. ನಮ್ಮೂರಿನಲ್ಲಿಯೇ ಎರಡು ವೈದ್ಯಕೀಯ ಕಾಲೇಜುಗಳಿರುವುದರ ಬೆಲೆ ನನಗೆ ಆಗ ತಿಳಿಯಿತು. (ಮಂಡಕ್ಕಿ-ಮಿರ್ಚಿಯ ನೆನಪು ಕಾಡಿದ್ದು ಬೇರೆ ಮಾತು.) ಆದ್ದರಿಂದ ಮನೆಯನ್ನು ಮಾರದೆ ಬಾಡಿಗೆಗೆ ಕೊಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಪೂರ್ಣ ಮಳೆಗಾಲವನ್ನು ಅಲ್ಲಿ ಕಳೆದು ನೋಡಿ.